ಪದಚರ್ಚೆ: ‘ಗೂಟಿ’ ಗಿಡ, ‘ಕಸಿ’ ಗಿಡ ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ನರ್ಸರಿಗಳಲ್ಲಿ ಸೀಬೆ ಗಿಡ ಕೇಳಿದರೆ ಒಬ್ಬರು ‘ಕಸಿ’ ಅನ್ನುತ್ತಾರೆ, ಇನ್ನೊಬ್ಬರು ‘ಗೂಟಿ’ ಅನ್ನುತ್ತಾರೆ. ಗೂಟಿ ಅಂದರೆ ಗೂಟಕ್ಕೆ ಕಟ್ಟಿ ಬೆಳೆಸಿದ್ದೇ? ಹಿತ್ತಲಲ್ಲಿ ಹಣ್ಣಿನ ಗಿಡ ನೆಡುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಯಾವ ಪದ ಬಳಸಿದರೆ ಸರಿ?

ಉತ್ತರ 1

ನಮಸ್ಕಾರ ಮೇಡಂ. ಎರಡನ್ನೂ ಉಳಿಸಿಕೊಳ್ಳಿ, ಒಂದರ ಬದಲು ಇನ್ನೊಂದನ್ನು ಮಾತ್ರ ಹಾಕಬೇಡಿ.

ಕಸಿಯಲ್ಲಿ ಎರಡು ಗಿಡ ಕೂಡಿರುತ್ತವೆ. ಕೆಳಗೆ ಬೀಜದಿಂದ ಬಂದ ಬೇರುಸಸಿ, ಮೇಲೆ ಬೇಕಾದ ತಳಿಯ ಕಡ್ಡಿ. ಮಾವು, ಸಪೋಟ ಸಾಮಾನ್ಯವಾಗಿ ಹೀಗೇ ಬರುತ್ತವೆ. ಗೂಟಿಯಲ್ಲಿ ಇರುವುದು ಒಂದೇ ಗಿಡ. ಮಳೆಗಾಲದಲ್ಲಿ ತಾಯಿಮರದ ಪೆನ್ಸಿಲ್ ದಪ್ಪದ ಕೊಂಬೆಗೆ ಒಂದು ಅಂಗುಲ ಅಗಲ, ಬಳೆಯ ಹಾಗೆ ಸುತ್ತಲೂ ತೊಗಟೆ ಸುಲಿದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟುತ್ತಾರೆ. ಆರೇಳು ವಾರಕ್ಕೆ ಹಾಳೆಯೊಳಗೆ ಬೆಳ್ಳನೆಯ ಬೇರು ಕಾಣುತ್ತದೆ. ಆಮೇಲೆ ಅದರ ಕೆಳಗೆ ಕತ್ತರಿಸಿ ಚೀಲಕ್ಕೆ ಹಾಕುತ್ತಾರೆ. ಸುಲಿದ ಜಾಗದ ಲೋಳೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯದಿದ್ದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ.

ಈ ವ್ಯತ್ಯಾಸ ನೆಡುವವರಿಗೆ ಬಹಳ ಮುಖ್ಯ. ಕಸಿ ಗಿಡದ ಗಂಟು, ಅಂದರೆ ಎರಡೂ ಗಿಡ ಕೂಡಿದ ಜಾಗ, ಮಣ್ಣಿನಿಂದ ಅರ್ಧ ಅಡಿಯಾದರೂ ಮೇಲಿರಬೇಕು, ಗಂಟಿಗೆ ಸುತ್ತಿದ ಪಟ್ಟಿಯನ್ನು ಬೆಸೆದ ಮೇಲೆ ಬಿಚ್ಚಲೇಬೇಕು. ಬಿಟ್ಟರೆ ಕಾಂಡ ದಪ್ಪವಾದಂತೆ ಕತ್ತು ಹಿಸುಕಿಬಿಡುತ್ತದೆ. ಗಂಟಿನ ಕೆಳಗೆ ಬರುವ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟಿ. ಸಪೋಟವನ್ನು ಕಿರಣಿ (ಸಪೋಟಕ್ಕೆ ಹತ್ತಿರದ ನಂಟಿನ ಒಂದು ಮರ) ಬೇರುಸಸಿಗೆ ಕಸಿ ಮಾಡಿದ್ದರೆ ಗುರುತು ಸುಲಭ: ಸಪೋಟದ ಎಲೆಯ ತುದಿ ಚೂಪು, ಕಿರಣಿಯದು ಗುಂಡಗೆ, ನಡುವೆ ಸಣ್ಣ ಕಚ್ಚು. ಕಿರಣಿಯ ಚಿಗುರನ್ನು ಬೆಳೆಯಲು ಬಿಟ್ಟರೆ ಸಪೋಟ ಸೊರಗಿ ಕಿರಣಿ ಮರವೇ ಉಳಿಯುತ್ತದೆ. ಗೂಟಿ ಗಿಡಕ್ಕೆ ಗಂಟೇ ಇಲ್ಲ, ಬುಡದಿಂದ ಬಂದ ಚಿಗುರೂ ಅದೇ ತಳಿ.

ಗೂಟಕ್ಕೂ ಗೂಟಿಗೂ ಅರ್ಥದಲ್ಲಿ ನಂಟಿಲ್ಲ. ಆದರೂ ಗೂಟಿ ಗಿಡಕ್ಕೆ ಗೂಟ ಬೇಕೇ ಬೇಕು! ಅದಕ್ಕೆ ತಾಯಿಬೇರು ಇರುವುದಿಲ್ಲ, ನಮ್ಮ ಕಡೆಯ ಆಷಾಢದ ಗಾಳಿಗೆ ಬುಡ ಅಲ್ಲಾಡಿ ಎಳೆ ಬೇರು ಹರಿಯುತ್ತದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೊದಲು ಗೂಟ ಹೊಡೆದು, ಆಮೇಲೆ ಮೇಲ್ಮಣ್ಣಿಗೆ 15 ಕೆ.ಜಿ.ಯಷ್ಟು ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆ.ಜಿ. ಬೇವಿನ ಹಿಂಡಿ ಬೆರೆಸಿ ತುಂಬಿ ಗಿಡ ನೆಡಬೇಕು. ನೆಟ್ಟ ಮೇಲೆ ಗೂಟ ಹೊಡೆದರೆ ಬೇರಿಗೆ ಪೆಟ್ಟು.

ಈಗ ಸೀಬೆ ಎರಡೂ ಬಗೆಯಲ್ಲಿ ಸಿಗುತ್ತದೆ. ಅಂಗಡಿಯವರ ಮಾತಿಗಿಂತ ಕಾಂಡದ ಗಂಟು ನೋಡಿ ತೀರ್ಮಾನಿಸಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಜೊತೆಗೆ ‘ಕಡ್ಡಿ’ಯನ್ನೂ ಸೇರಿಸಿಕೊಳ್ಳಿ. ಮಂಡ್ಯ ಕಡೆ ಹಿಪ್ಪುನೇರಳೆ ನೆಡುವವರು ಕಸಿ, ಗೂಟಿ ಎರಡನ್ನೂ ಅನ್ನುವುದಿಲ್ಲ, ‘ಕಡ್ಡಿ ನೆಡೋದು’ ಅನ್ನುತ್ತಾರೆ. ಹಣ್ಣಿಗಾಗಿ ಹಿತ್ತಲಲ್ಲಿ ಹಾಕುವ ಹಿಪ್ಪುನೇರಳೆಗೂ ಅಂಜೂರಕ್ಕೂ ಅದೇ ಸಾಕು. ಮೂರ್ನಾಲ್ಕು ಕಣ್ಣಿರುವ, ಬಲಿತ ಕಡ್ಡಿಯನ್ನು ಒಂದು ಕಣ್ಣು ಮೇಲುಳಿಯುವಂತೆ ಊರಬೇಕು. ತಲೆಕೆಳಗಾದರೆ ಸರಿಯಾಗಿ ಹತ್ತದು. ಕತ್ತರಿಸುವಾಗಲೇ ಬುಡದ ಕಡೆ ಓರೆ, ತುದಿಯ ಕಡೆ ನೇರ ಕತ್ತರಿಸಿಟ್ಟರೆ ಗೊಂದಲವಿರುವುದಿಲ್ಲ.