ಕೌದಿಯ ಹಿಂಬದಿ ಬಟ್ಟೆ 3 ಇಂಚು ಸಾಲುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಕೌದಿಯ ಮೇಲ್ಭಾಗ ಹೊಲಿದು ಮುಗಿಯಿತು, 60 ಇಂಚು ಅಗಲ, 80 ಇಂಚು ಉದ್ದ. ನಾಲ್ಕೂ ಕಡೆ 4 ಇಂಚು ಜಾಸ್ತಿ ಬಿಟ್ಟರೆ ಹಿಂಬದಿಗೆ 68 × 88 ಬೇಕು. ನನ್ನ ಹತ್ತಿರ ಇರುವುದು 44 ಇಂಚು ಅಗಲದ ಹೂವಿನ ಕಾಟನ್, ಮೂರೂವರೆ ಮೀಟರ್. 68 ಇಂಚಿನ ಎರಡು ತುಂಡು ಮಾಡಿ ಅಡ್ಡಕ್ಕೆ ಜೋಡಿಸಿದರೆ, ಗಟ್ಟಿ ಅಂಚು ಮತ್ತು ಹೊಲಿಗೆಗೆ ಹೋಗಿ ಉಳಿಯುವುದು 85 ಇಂಚು ಅಷ್ಟೇ.

ಅಂಚು ಕತ್ತರಿಸದೆ ಹೊಲಿಯಬಹುದು ಅಲ್ವಾ ಅಂತ ಕೇಳಬೇಡಿ. ಹೋದ ಸಲ ಹಾಗೇ ಮಾಡಿದ್ದೆ. ಒಗೆದ ಮೇಲೆ ನಡುವಿನ ಹೊಲಿಗೆ ಉದ್ದಕ್ಕೂ ಸುಕ್ಕುಗಟ್ಟಿತು!

ಮಧ್ಯದಲ್ಲಿ ಉಳಿದ ಚೂರುಗಳ 5 ಇಂಚಿನ ಪಟ್ಟಿ ಸೇರಿಸುವ ಯೋಚನೆ ಇದೆ. ಆದರೆ ಅಷ್ಟೊಂದು ಜೋಡಣೆ ಒಂದೇ ಕಡೆ ಬಂದರೆ ಕೈಸೂಜಿ ಸಲೀಸಾಗಿ ಇಳಿಯುತ್ತದಾ? ಅಥವಾ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಲಾ? ಚೂರುಗಳಲ್ಲಿ ಕಡುನೀಲಿ ಇದೆ, ಮೇಲಿನ ಬಿಳಿ ತುಂಡುಗಳಲ್ಲಿ ಕಾಣಬಹುದು ಅಂತ ಇನ್ನೊಂದು ಭಯ. ಒಳಗೆ ಹಾಕುವ ಹತ್ತಿ ಹಾಳೆ ತೆಳು.

ಹಳೇ ಬೆಡ್‌ಶೀಟ್ ಹಾಕು ಅಂದರು ಒಬ್ಬರು. ಹಾಕಿ ನೋಡಿದೆ, ನೇಯ್ಗೆ ಬಿಗಿ, ನಾಲ್ಕು ಹೊಲಿಗೆಗೇ ಬೆರಳು ನೋಯಿತು. ಕೈಯಲ್ಲಿ ಹೊಲಿಯುವವರು ದಯವಿಟ್ಟು ಹೇಳಿ.