ವಾಲ್ಡಾರ್ಫ್‌ನಲ್ಲಿ ಕೆಲಸ ಸಿಕ್ಕಿದೆ, ಮನೆ ಯಾವ ದಡದಲ್ಲಿ ಮಾಡೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸದ್ಯ ವೈಟ್‌ಫೀಲ್ಡ್‌ನಲ್ಲಿದ್ದೇವೆ. ಜರ್ಮನಿಯ ವಾಲ್ಡಾರ್ಫ್‌ನಲ್ಲಿ ನನಗೆ ಸಾಫ್ಟ್‌ವೇರ್ ಕೆಲಸ ಆಗಿದೆ. ಹೆಂಡತಿ ಎಂಬಿಬಿಎಸ್ ಮಾಡಿದ್ದಾಳೆ, ಈಗ ಜರ್ಮನ್ ಕಲಿಯುತ್ತಿದ್ದಾಳೆ. ಮಗಳಿಗೆ ಎರಡೂವರೆ ವರ್ಷ. ಮನೆ ಹುಡುಕಲು ಕೂತರೆ ತಲೆ ಕೆಡುತ್ತದೆ. ಒಬ್ಬರು ಹೈಡೆಲ್‌ಬರ್ಗ್ ಅನ್ನುತ್ತಾರೆ, ಇನ್ನೊಬ್ಬರು ಮ್ಯಾನ್‌ಹೈಮ್, ಮತ್ತೊಬ್ಬರು ಲುಡ್ವಿಗ್ಸ್‌ಹಾಫೆನ್. ನಕ್ಷೆಯಲ್ಲಿ ನೋಡಿದರೆ ಎಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಆದರೆ ಅಲ್ಲಿ ಮೂರು ರಾಜ್ಯಗಳ ಗಡಿ ಸೇರುತ್ತದಂತೆ. ಎಲ್ಲಕ್ಕೂ ಸೇರಿ ರೈನ್-ನೆಕ್ಕರ್ ಮಹಾನಗರ ಪ್ರದೇಶ ಅಂತ ಒಂದೇ ಹೆಸರೂ ಇದೆ. ಇದು ಒಂದು ಊರೋ, ಮೂರೋ? ಅಲ್ಲಿದ್ದು ಬಲ್ಲವರು ದಯವಿಟ್ಟು ಹೇಳಿ.

ಮ್ಯಾನ್‌ಹೈಮ್‌ನಿಂದ, 9 ವರ್ಷದ ಅನುಭವ

ರೈಲಿಗೆ ಒಂದೇ ಊರು, ಫೈಲಿಗೆ ಮೂರು. ನಾನು ಕಲಿತದ್ದು ಇಷ್ಟೇ. ಕಲಿಯುವಷ್ಟರಲ್ಲಿ ಎರಡು ಸಲ ಮನೆ ಬದಲಿಸಿದ್ದೆ.

ಮೊದಲು ನೆಲ ಹೇಗಿದೆ ನೋಡಿ. ಪೂರ್ವಕ್ಕೆ ಓಡನ್‌ವಾಲ್ಡ್ ಬೆಟ್ಟಸಾಲು, ಪಶ್ಚಿಮಕ್ಕೆ ಫಾಲ್ಸ್ ಸೀಮೆಯ ಕಾಡು, ನಡುವೆ ರೈನ್ ನದಿಯ ಚಪ್ಪಟೆ ಬಯಲು. ನೆಕ್ಕರ್ ನದಿ ಹೈಡೆಲ್‌ಬರ್ಗ್ ಹತ್ತಿರ ಬೆಟ್ಟ ಬಿಟ್ಟು ಬಯಲಿಗಿಳಿದು, ಮ್ಯಾನ್‌ಹೈಮ್‌ನಲ್ಲಿ ರೈನ್ ಸೇರುತ್ತದೆ. ರೈನ್‌ನ ಬಲದಂಡೆಯಲ್ಲಿ ಮ್ಯಾನ್‌ಹೈಮ್, ಎದುರಿಗೇ ಎಡದಂಡೆಯಲ್ಲಿ ಲುಡ್ವಿಗ್ಸ್‌ಹಾಫೆನ್. ಟ್ರ್ಯಾಮ್ ಸೇತುವೆ ದಾಟುವಷ್ಟರಲ್ಲಿ ನೀವು ಬಾಡೆನ್-ವುರ್ಟೆಂಬರ್ಗ್ ಬಿಟ್ಟು ರೈನ್‌ಲ್ಯಾಂಡ್-ಫಾಲ್ಸ್ ರಾಜ್ಯದಲ್ಲಿರುತ್ತೀರಿ. ಉತ್ತರಕ್ಕೆ ಸ್ವಲ್ಪ ಹೋದರೆ ಹೆಸ್ಸೆನ್. ಹಿಂದೆ ಇದರಲ್ಲಿ ಬಹುಪಾಲು ಕುರ್‌ಫಾಲ್ಸ್ ಎಂಬ ಒಂದೇ ಸಂಸ್ಥಾನವಾಗಿತ್ತು. ನೆಪೋಲಿಯನ್ ಕಾಲದಲ್ಲಿ ಅದು ಹರಿದು ಹಂಚಿಹೋಯಿತು. ಮಾತಿನ ಧಾಟಿ ಮಾತ್ರ ಇವತ್ತಿಗೂ ಎರಡೂ ದಡದಲ್ಲಿ ಹೆಚ್ಚುಕಮ್ಮಿ ಒಂದೇ. 'ಸರಿ, ನಡಿ' ಅನ್ನುವುದಕ್ಕೆ ಎಲ್ಲರೂ 'ಅಲ್ಲಾ ಹಾಪ್' ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು ಬೇರೇನೋ ಅಂದುಕೊಂಡಿದ್ದೆ.

ಹರಿದದ್ದನ್ನು ಮತ್ತೆ ಹೊಲಿಯುವ ಕೆಲಸ ನಿಧಾನಕ್ಕೆ ನಡೆಯಿತು. 1969ರಲ್ಲಿ ಮೂರೂ ರಾಜ್ಯಗಳು ಸೇರಿ ಯೋಜನೆ ಮಾಡುವ ಒಪ್ಪಂದ ಮಾಡಿಕೊಂಡವು. 1989ರಲ್ಲಿ ಒಂದೇ ಟಿಕೆಟ್ ವ್ಯವಸ್ಥೆ ಬಂತು, ಅದೇ ವಿಆರ್‌ಎನ್. 2003ರ ಡಿಸೆಂಬರ್‌ನಲ್ಲಿ ಎಸ್-ಬಾನ್ ರೈಲು ಶುರುವಾಯಿತು. 2005ರಲ್ಲಿ ಹೊಸ ಒಪ್ಪಂದ, ಅದೇ ವರ್ಷ ಮಹಾನಗರ ಪ್ರದೇಶ ಎಂಬ ಮಾನ್ಯತೆ. ಇದಕ್ಕೆ ಇಲ್ಲಿನ ಕಂಪನಿಗಳ ಒತ್ತಾಯವೂ ಜೋರಾಗಿತ್ತು. ಮಾಡದೆ ಇನ್ನೇನು ಮಾಡುತ್ತಾರೆ ಹೇಳಿ, ಅವರ ಕೆಲಸಗಾರರು ಬೆಳಗಾದರೆ ಗಡಿ ದಾಟಿ ಬರುವವರು. ಈಗ 8 ನಗರ, 7 ಜಿಲ್ಲೆ, ಸುಮಾರು 24 ಲಕ್ಷ ಜನ. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಹೊಲ ಉಳಿಯಬೇಕು ಅನ್ನುವ ಪ್ರಾದೇಶಿಕ ನಕ್ಷೆಯೂ 2014ರಿಂದ ಒಂದೇ, ಹೆಸ್ಸೆನ್ ಭಾಗಕ್ಕೆ ಮಾತ್ರ ಅದು ಬರೀ ಸಲಹೆ. ಅತ್ತಿಬೆಲೆ ದಾಟಿ ಹೊಸೂರಿಗೆ ದಿನಾ ಓಡಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಶಾಲೆ, ರಜೆ, ಶಿಶುವಿಹಾರದ ಫೀಸು ಎಲ್ಲ ರಾಜ್ಯದ್ದು. ವೀಸಾ ಕಚೇರಿ ನಿಮ್ಮ ವಿಳಾಸದ್ದು. ನಾನು ನದಿ ದಾಟಿ ಮನೆ ಬದಲಿಸಿದೆ, ನನ್ನ ಹಿಂದೆ ಫೈಲು ಬರಲೇ ಇಲ್ಲ. ಈ ಕಚೇರಿ 'ಕಳಿಸಿದ್ದೇವೆ' ಅಂತು, ಆ ಕಚೇರಿ 'ಬಂದಿಲ್ಲ' ಅಂತು. ನಡುವೆ ಇದ್ದದ್ದು ಒಂದು ನದಿ. ಮೂರು ತಿಂಗಳು ಊರಿಗೆ ಹೋಗುವ ಟಿಕೆಟ್ ಮಾಡಿಸುವ ಧೈರ್ಯ ಆಗಲಿಲ್ಲ. ಹಾಗಾಗಿ ನನ್ನ ಸಲಹೆ, ಮೊದಲ ವಾಸ ಪರವಾನಗಿಯ ಕಾರ್ಡ್ ಕೈಗೆ ಬರುವ ತನಕ ರಾಜ್ಯ ಬದಲಿಸಬೇಡಿ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿಯ ಚೀಟಿ ಬೇಕು, ಬೀಗದ ಕೈ ತಗೊಳ್ಳುವಾಗಲೇ ಕೇಳಿ.

ಇನ್ನು ನಮ್ಮ ಮ್ಯಾನ್‌ಹೈಮ್. ನಡು ಊರಲ್ಲಿ ಬೀದಿಗಳಿಗೆ ಹೆಸರೇ ಇಲ್ಲ ಅನ್ನಬಹುದು. ಊರನ್ನೇ ಚೌಕಾಬಾರದ ಮನೆಯಂತೆ ಚೌಕ ಚೌಕ ಕೊಯ್ದಿದ್ದಾರೆ. ಪ್ರತಿ ಚೌಕಕ್ಕೂ ಒಂದು ಅಕ್ಷರ, ಒಂದು ಅಂಕಿ. ಅರಮನೆಗೆ ಬೆನ್ನು ಮಾಡಿ ನಿಂತರೆ ಎಡಕ್ಕೆ ಎ ಇಂದ ಕೆ, ಬಲಕ್ಕೆ ಎಲ್ ಇಂದ ಯು. ನಾನು ಬಂದ ಮೊದಲ ರಾತ್ರಿ ವಿಳಾಸ ನೋಡಿ, ಇದೇನು ಬಸ್ಸಿನ ಸೀಟ್ ನಂಬರಾ ಅಂದುಕೊಂಡೆ. ಎರಡು ಸೂಟ್‌ಕೇಸ್ ಎಳೆದುಕೊಂಡು ಎಡಬಲ ತಪ್ಪಿ ಅರ್ಧ ಗಂಟೆ ಸುತ್ತಿದ್ದೇನೆ. ಮಾರುಕಟ್ಟೆ ಚೌಕದ ಸುತ್ತ ಟರ್ಕಿಯವರ ಅಂಗಡಿಗಳಿವೆ. ಬೆಂಡೆಕಾಯಿ, ಕಟ್ಟು ಕೊತ್ತಂಬರಿ, ಎಳೆ ಬದನೆಕಾಯಿ ಎಲ್ಲ ಸಿಗುತ್ತದೆ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೋಟಾರ್ ಗಾಡಿ ಇದೇ ಊರಿನದು. ಹೆಂಡತಿ ಬರ್ತಾ ಬೆಂಜ್ 1888ರಲ್ಲಿ ಆ ಗಾಡಿ ಓಡಿಸಿಕೊಂಡು ಹೋಗುವಾಗ ಇಂಧನ ಕೊಂಡದ್ದು ವೀಸ್‌ಲೋಖ್‌ನ ಔಷಧಿ ಅಂಗಡಿಯಲ್ಲಿ. ನೀವು ದಿನಾ ಇಳಿಯುವ ನಿಲ್ದಾಣದ ಹೆಸರೇ ವೀಸ್‌ಲೋಖ್-ವಾಲ್ಡಾರ್ಫ್. ಎರಡು ಊರಿನ ನಡುವೆ ಇದೆ, ಅಲ್ಲಿಂದ ಆಫೀಸಿಗೆ ಬಸ್ಸು ಹಿಡಿಯಬೇಕು.

ಹೈಡೆಲ್‌ಬರ್ಗ್‌ನಿಂದ, ಸಂಶೋಧನೆಯಲ್ಲಿದ್ದೇನೆ

ಹೈಡೆಲ್‌ಬರ್ಗ್‌ನಿಂದ ನಿಮ್ಮ ನಿಲ್ದಾಣಕ್ಕೆ ಕಾಲು ಗಂಟೆಯೂ ಬೇಡ. ಇಲ್ಲಿನ ವಿಶ್ವವಿದ್ಯಾಲಯ 1386ರದ್ದು. ಕ್ಯಾನ್ಸರ್ ಸಂಶೋಧನಾ ಕೇಂದ್ರ ಇದೆ, ಆಣ್ವಿಕ ಜೀವಶಾಸ್ತ್ರದ ಲ್ಯಾಬ್ ಇದೆ. ಹಾಗಾಗಿ ಅಂಗಡಿಯಲ್ಲೂ ಇಂಗ್ಲಿಷ್ ನಡೆಯುತ್ತದೆ. ಚೆಂದದ ಊರು, ಆದರೆ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಳೇ ಪೇಟೆಯ ಮೋಹ ಬಿಡಿ, ಅದು ಪ್ರವಾಸಿಗಳಿಗೆ. ಹಳೆಯ ಗೂಡ್ಸ್ ಯಾರ್ಡ್ ಜಾಗದಲ್ಲಿ ಕಟ್ಟಿದ ಬಾನ್‌ಸ್ಟಾಟ್ ನೋಡಿ. ಅಮೆರಿಕದ ಸೈನ್ಯ 2013ರಲ್ಲಿ ಖಾಲಿ ಮಾಡಿ ಹೋದ ಮೇಲೆ ದಕ್ಷಿಣ ಭಾಗದಲ್ಲೂ ಮನೆಗಳು ಆಗಿವೆ.

ಇನ್ನೊಂದು ಮಾತು. ಬಾಡಿಗೆ ಮನೆಯಲ್ಲಿ ಅಡುಗೆಮನೆ ಇದೆ ಅಂದರೆ ಅಡುಗೆ ಕಟ್ಟೆ ಇದೆ ಅಂತ ಅಲ್ಲ. ನಮ್ಮ ಮನೆಯಲ್ಲಿ ಬಾಗಿಲು ತೆಗೆದರೆ ಗೋಡೆಯಿಂದ ಎರಡು ಪೈಪು ಹೊರಗೆ ಬಂದಿದ್ದವು, ಅಷ್ಟೇ. ಸಿಂಕ್, ಒಲೆ, ಕಪಾಟು ಎಲ್ಲ ನಾವೇ ಹಾಕಿಸಬೇಕಾಯಿತು. ಹಿಂದಿನ ಬಾಡಿಗೆದಾರರು ತಮ್ಮದನ್ನು ಬಿಚ್ಚಿಕೊಂಡು ಹೋಗಿದ್ದರು!

ಲುಡ್ವಿಗ್ಸ್‌ಹಾಫೆನ್‌ನಿಂದ, ಒಂದು ಮಗುವಿನ ತಾಯಿ

ನಮ್ಮೂರನ್ನು ಎಲ್ಲರೂ ಬೈಯುತ್ತಾರೆ. ಚೆಂದ ಇಲ್ಲ ಅನ್ನುವುದು ನಿಜ, ಸುಮ್ನೆ ವಾದ ಮಾಡಲ್ಲ. ಆದರೆ ನಿಮಗೆ ಎರಡೂವರೆ ವರ್ಷದ ಮಗಳಿದ್ದಾಳೆ ಅಲ್ವಾ? ಹಾಗಿದ್ದರೆ ಇದನ್ನು ಓದಿ. ರೈನ್‌ಲ್ಯಾಂಡ್-ಫಾಲ್ಸ್‌ನಲ್ಲಿ ಎರಡು ವರ್ಷ ತುಂಬಿದ ಮಕ್ಕಳಿಗೆ ಕಿಟಾ, ಅಂದರೆ ಶಿಶುವಿಹಾರ, ಪುಕ್ಕಟೆ. ಊಟದ ದುಡ್ಡು ಮಾತ್ರ ಕೊಡಬೇಕು. ಮ್ಯಾನ್‌ಹೈಮ್, ಹೈಡೆಲ್‌ಬರ್ಗ್ ಕಡೆ ಫೀಸು ಇದೆ, ಊರಿಂದೂರಿಗೆ ಬೇರೆ. ಹೆಸ್ಸೆನ್‌ನಲ್ಲಿ ಮೂರು ವರ್ಷದ ಮೇಲೆ ದಿನಕ್ಕೆ ಆರು ಗಂಟೆ ಪುಕ್ಕಟೆ.

ಪುಕ್ಕಟೆ ಅಂದ ಮಾತ್ರಕ್ಕೆ ಸೀಟು ಸಿಕ್ಕಿತು ಅಂತಲ್ಲ. ಒಂದು ವರ್ಷ ತುಂಬಿದ ಮಗುವಿಗೆ ಸೀಟು ಕೊಡಬೇಕು ಅಂತ 2013ರಿಂದ ಕಾನೂನೇ ಇದೆ, ಆದರೂ ನಾವು ಏಳು ತಿಂಗಳು ಕಾದೆವು. ಒಂದು ಕಡೆ ನಮ್ಮ ಹೆಸರು ಪಟ್ಟಿಯಿಂದಲೇ ಬಿಟ್ಟುಹೋಗಿತ್ತು. ಫೋನ್ ಮಾಡಿ ಕೇಳಿದಾಗಲೇ ಗೊತ್ತಾದದ್ದು. ವಿಳಾಸ ಸಿಕ್ಕ ದಿನವೇ ನಾಲ್ಕಾರು ಕಡೆ ಹೆಸರು ಬರೆಸಿ, ಎರಡು ತಿಂಗಳಿಗೊಮ್ಮೆ ನೆನಪಿಸುತ್ತಿರಿ.

ನಮ್ಮವರು ಬಿಎಎಸ್‌ಎಫ್ ಎಂಬ ರಾಸಾಯನಿಕ ಕಂಪನಿಯಲ್ಲಿ. ಆ ಹೆಸರಿನ ಕಥೆ ಕೇಳಿ. ಮೊದಲ ಅಕ್ಷರ 'ಬಾಡೆನ್' ಅನ್ನುವುದಕ್ಕೆ. 1865ರಲ್ಲಿ ಕಂಪನಿ ಹುಟ್ಟಿದ್ದು ಬಾಡೆನ್‌ನ ಮ್ಯಾನ್‌ಹೈಮ್‌ನಲ್ಲಿ. ಆ ಊರಲ್ಲಿ ಬೇಕಾದ ಜಾಗ ಸಿಗದೆ ಕಾರ್ಖಾನೆಯನ್ನು ನದಿಯಾಚೆ ಕಟ್ಟಿದರು. ಆಗ ಈ ದಡ ಬವೇರಿಯಾದ ಕೈಲಿತ್ತು. ಈಗ ಹತ್ತು ಚದರ ಕಿಲೋಮೀಟರ್, ಒಳಗೇ ಬಸ್ಸು ಓಡುತ್ತದೆ. ನದಿಯಿಂದಲೇ ಬದುಕು. 2018ರಲ್ಲಿ ರೈನ್ ಒಣಗಿದಂತಾಗಿ ಹಡಗಿಗೆ ಅರ್ಧ ಸರಕೂ ಹೇರಲು ಆಗದೆ ಉತ್ಪಾದನೆ ತಗ್ಗಿಸಿದ್ದರು. ಆಗ ನಮ್ಮವರು ಬೆಳಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಕಾವುಬ್ ಎಂಬಲ್ಲಿನ ನೀರಿನ ಮಟ್ಟ, ನಮ್ಮ ಕಡೆ ಕೆಆರ್‌ಎಸ್ ಮಟ್ಟ ನೋಡುವ ಹಾಗೆ. 2023ರಲ್ಲಿ ಅಮೋನಿಯಾ ಘಟಕವೊಂದನ್ನೂ ಇನ್ನೂ ಕೆಲವು ಘಟಕಗಳನ್ನೂ ಮುಚ್ಚುವುದಾಗಿ ಕಂಪನಿ ಹೇಳಿತು. ಗ್ಯಾಸ್ ದುಬಾರಿ. ಹಾಗಾಗಿ ಇಲ್ಲಿ ಸಾಲ ಮಾಡಿ ಮನೆ ಕೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ. ಬಾಡಿಗೆಗೆ ಇರಿ.

ರಜೆಯ ಲೆಕ್ಕ ಬೇರೆ ಮಜಾ. ನಾನು ಕೆಲಸ ಮಾಡುವುದು ಹೈಡೆಲ್‌ಬರ್ಗ್‌ನಲ್ಲಿ. ಜನವರಿ 6 ಬಾಡೆನ್-ವುರ್ಟೆಂಬರ್ಗ್‌ನಲ್ಲಿ ರಜೆ, ಈ ದಡದಲ್ಲಿ ಇಲ್ಲ. ನನಗೆ ರಜೆ, ಮಗ ಕಿಟಾದಲ್ಲಿ. ವರ್ಷಕ್ಕೆ ಅದೊಂದು ದಿನ ನಾನು ಕಾಫಿ ಬಿಸಿ ಇರುವಾಗಲೇ ಕುಡಿಯುತ್ತೇನೆ.

ಕಾರು ಮಾತ್ರ ನೆಚ್ಚಬೇಡಿ. ಇಲ್ಲಿನ ಎತ್ತರದ ರಸ್ತೆಗಳಲ್ಲಿ ಒಂದನ್ನು ಬಿರುಕು ಬಿಟ್ಟಿತೆಂದು 2019ರಲ್ಲಿ ಮುಚ್ಚಿ ಮರುವರ್ಷ ಕೆಡವಿದರು. ಎರಡೂ ದಡದ ಓಡಾಟಕ್ಕೆ ಪೆಟ್ಟು ಬಿತ್ತು. ಎಸ್-ಬಾನ್ ಹತ್ತಿದರೆ ಮ್ಯಾನ್‌ಹೈಮ್, ಹೈಡೆಲ್‌ಬರ್ಗ್ ದಾಟಿ ನಿಮ್ಮ ನಿಲ್ದಾಣಕ್ಕೇ ಬಿಡುತ್ತದೆ. ದೇಶದ ಲೋಕಲ್ ರೈಲು, ಬಸ್ಸು, ಟ್ರ್ಯಾಮಿಗೆಲ್ಲ ನಡೆಯುವ ಡಾಯ್ಚ್‌ಲ್ಯಾಂಡ್ ಟಿಕೆಟ್ 2023ರಲ್ಲಿ ತಿಂಗಳಿಗೆ 49 ಯೂರೊ ಇತ್ತು, 2025ಕ್ಕೆ 58 ಆಯಿತು, 2026ಕ್ಕೆ 63. ಆಫೀಸಿನವರು ಅದರಲ್ಲಿ ಪಾಲು ಕೊಡುತ್ತಾರಾ ಕೇಳಿ.

ವೈದ್ಯೆ, ಇಲ್ಲಿಗೆ ಬಂದು 5 ವರ್ಷ

ನಿಮ್ಮ ಹೆಂಡತಿಯ ವಿಷಯ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಮನೆ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು. ಇಲ್ಲಿ ವೈದ್ಯರಿಗೆ ಅನುಮತಿ ಕೊಡುವುದು ರಾಜ್ಯ. ಅದರ ಹೆಸರು ಅಪ್ರೋಬಾಟ್ಸಿಯೋನ್. ಯಾವ ರಾಜ್ಯದಲ್ಲಿ ಕೆಲಸ ಮಾಡಬೇಕು ಅಂತಿದ್ದಾರೋ ಆ ರಾಜ್ಯಕ್ಕೆ ಅರ್ಜಿ. ಒಮ್ಮೆ ಕೈಗೆ ಬಂದರೆ ದೇಶದಲ್ಲಿ ಎಲ್ಲಿ ಬೇಕಾದರೂ ನಡೆಯುತ್ತದೆ. ಬರುವ ತನಕ ಮಾತ್ರ ಒಂದೇ ಕಡೆ ಗಟ್ಟಿಯಾಗಿ ಕೂರಬೇಕು. ನಾನು ಒಂದು ರಾಜ್ಯದಲ್ಲಿ ಅರ್ಜಿ ಹಾಕಿ, ಆಚೆ ದಡದ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತದೆ ಅಂತ ಎದ್ದು ಹೋದೆ. ಅನುವಾದ, ನೋಟರಿ, ಸಿಲೆಬಸ್ಸಿನ ಗಂಟೆಗಳ ಲೆಕ್ಕ, ಎಲ್ಲ ಮೊದಲಿನಿಂದ. ಒಂದು ವರ್ಷ ಹೋಯಿತು.

ವೈದ್ಯಕೀಯ ಜರ್ಮನ್ ಪರೀಕ್ಷೆ ಬೇರೆ ಇರುತ್ತದೆ. ನಮ್ಮ ಓದು ಅವರದಕ್ಕೆ ಸಮ ಅಂತ ಒಪ್ಪದಿದ್ದರೆ ಇನ್ನೊಂದು ಪರೀಕ್ಷೆ. ಕಾಲೇಜಿನಿಂದ ಸಿಲೆಬಸ್, ಇಂಟರ್ನ್‌ಶಿಪ್ ಪತ್ರಗಳನ್ನು ಸೀಲ್ ಹಾಕಿಸಿ ಎರಡೆರಡು ಪ್ರತಿ ತನ್ನಿ. ಇಲ್ಲಿಂದ ಕೂತು ನಮ್ಮ ಕಾಲೇಜಿನ ಗುಮಾಸ್ತರಿಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು.

ಹೆಸ್ಸೆನ್ ಕಡೆಯ ಲಾಂಪರ್ಟ್‌ಹೈಮ್‌ನಿಂದ

ನಮ್ಮನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಬಾಡಿಗೆ ಪರವಾಗಿಲ್ಲ, ಕಾಡು ಹತ್ತಿರ, ಮೇ ತಿಂಗಳಲ್ಲಿ ಹೊಲದ ಬದಿಯಲ್ಲೇ ಬಿಳಿ ಶತಾವರಿ ಚಿಗುರು ಮಾರುತ್ತಾರೆ. ವಾಲ್ಡಾರ್ಫ್‌ಗೆ ಮಾತ್ರ ದೂರ. ಬೇಡ ಬಿಡಿ.

ಹಾಂ, ನಾನು ತುರುವೇಕೆರೆಯವನು. ನಮ್ಮ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ ಇದ್ದ ಮೈಸೂರು ಸಿಮೆಂಟ್ಸನ್ನು 2006ರಲ್ಲಿ ಕೊಂಡದ್ದು ಹೈಡೆಲ್‌ಬರ್ಗ್‌ನ ಕಂಪನಿ. ಆ ಊರಿನ ಹೆಸರನ್ನು ಮೊದಲು ಓದಿದ್ದು ಸಿಮೆಂಟಿನ ಸುದ್ದಿಯಲ್ಲೇ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇಬ್ಬರೂ ಕೂತು ಓದಿದೆವು. ಹೆಂಡತಿ ಅಪ್ರೋಬಾಟ್ಸಿಯೋನ್ ಅರ್ಜಿಯನ್ನು ರೈನ್‌ಲ್ಯಾಂಡ್-ಫಾಲ್ಸ್‌ನಲ್ಲೇ ಹಾಕುತ್ತಾಳಂತೆ. ಲುಡ್ವಿಗ್ಸ್‌ಹಾಫೆನ್‌ನಲ್ಲಿ ದೊಡ್ಡ ಆಸ್ಪತ್ರೆ ಇದೆ, ಕಿಟಾ ದುಡ್ಡೂ ಉಳಿಯುತ್ತದೆ. ಹಾಗಾಗಿ ಎಡದಂಡೆ ಅಂತ ತೀರ್ಮಾನ. ಮನೆ ಸಿಗುವ ತನಕ ಎರಡು ವಾರ ಮ್ಯಾನ್‌ಹೈಮ್‌ನಲ್ಲಿ ಸರ್ವಿಸ್ ಅಪಾರ್ಟ್‌ಮೆಂಟ್. ವಿಳಾಸ ನೋಂದಣಿ ಮಾತ್ರ ಸ್ವಂತ ಬಾಡಿಗೆ ಮನೆಗೇ ಮಾಡಿಸುತ್ತೇವೆ. ಜನವರಿ 5ರ ರಾತ್ರಿ ಬಂದಿಳಿಯುತ್ತೇವೆ. ಬೆಳಗ್ಗೆ ಎದ್ದು ಮಗಳಿಗೆ ಹಾಲು, ಅಕ್ಕಿ, ಮೊಸರು ತಂದರೆ ಆಯಿತು.

ಲುಡ್ವಿಗ್ಸ್‌ಹಾಫೆನ್‌ನಿಂದ

ಅಯ್ಯೋ, ಮಾರನೇ ದಿನ 6! ಮ್ಯಾನ್‌ಹೈಮ್‌ನಲ್ಲಿ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಟ್ರ್ಯಾಮ್ ಹತ್ತಿ ಸೇತುವೆ ದಾಟಿ ಈ ಕಡೆ ಬನ್ನಿ, ಇಲ್ಲಿ ಮಾಮೂಲಿ ದಿನ. ಬೇಗ ಹೊರಡಿ, ಅವತ್ತು ಅರ್ಧ ಮ್ಯಾನ್‌ಹೈಮ್ ನಮ್ಮ ಅಂಗಡಿಯ ಸಾಲಿನಲ್ಲೇ ನಿಂತಿರುತ್ತದೆ.