ಸಹಾಯ ಬೇಕು: ಗೇಣಿ ಜಮೀನಿನ ಹಳೆ ಅಂಕಿಅಂಶ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ಬಂಟ್ವಾಳ ಕಡೆಯವಳು, ಅರ್ಥಶಾಸ್ತ್ರ ಎಂ.ಎ. ಎರಡನೇ ವರ್ಷ. 1974ರ ಭೂಸುಧಾರಣೆ ಆದ ಮೇಲೆ ದಕ್ಷಿಣ ಕನ್ನಡದಲ್ಲಿ ಗೇಣಿ ಎಷ್ಟು ಕಮ್ಮಿಯಾಯಿತು ಅನ್ನುವುದರ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ನಮ್ಮದೂ ಚಾಲಗೇಣಿ (ಧಣಿ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿ) ಮನೆಯೇ. ಗೇಣಿ ಜಮೀನು ತನ್ನ ಹೆಸರಿಗೆ ಮಾಡಿಕೊಡಿ ಅಂತ ಅಜ್ಜ ಡಿಕ್ಲರೇಷನ್ ಕೊಟ್ಟ 7ನೇ ನಂಬರ್ ಫಾರಂನ ಪ್ರತಿ ಇವತ್ತಿಗೂ ಟ್ರಂಕಿನಲ್ಲಿದೆ. ಮಡಚಿದಲ್ಲೆಲ್ಲ ಹರಿದಿದೆ. ಹಾಗಾಗಿ ಸುಮ್ನೆ ಮಾರ್ಕ್ಸಿಗೋಸ್ಕರ ಬರೆದು ಮುಗಿಸಲು ಮನಸ್ಸಿಲ್ಲ.

ಬೇಕಿರುವುದು 1970-71 ಮತ್ತು 1980-81ರ ಕೃಷಿ ಗಣತಿಯ ಕರ್ನಾಟಕದ ವರದಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೇಣಿ ಹಿಡುವಳಿ ಎಷ್ಟು ಇಳಿಯಿತು ಅಂತ ಕಾಣುತ್ತದೆ, ಅಲ್ವಾ? ಒಂದು ಲೈಬ್ರರಿಯಲ್ಲಿ ಮೊದಲನೆಯದು ಸಿಕ್ಕಿತು. ತೆರೆದು ನೋಡಿದರೆ ನಮ್ಮ ಜಿಲ್ಲೆಯ ಕೋಷ್ಟಕ ಇರಬೇಕಾದ ಎರಡು ಹಾಳೆಗಳನ್ನು ಯಾರೋ ಕಿತ್ತಿದ್ದಾರೆ. ತುಂಬಾ ಬೇಜಾರಾಯಿತು.

ಬೆಂಗಳೂರು ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಲೈಬ್ರರಿಗೆ ಹೋದವರು ಯಾರಾದರೂ ಇದ್ದೀರಾ? ಹೊರಗಿನ ವಿದ್ಯಾರ್ಥಿಗಳು ಕಾಲೇಜಿನಿಂದ ಯಾವ ಪತ್ರ ತರಬೇಕು? ಪುಟಗಳ ಫೋಟೊ ತೆಗೆಯಲು ಬಿಡುತ್ತಾರಾ? ಗೇಣಿದಾರರ ಅರ್ಜಿ ತೀರ್ಮಾನಿಸುತ್ತಿದ್ದ ಭೂ ನ್ಯಾಯಮಂಡಳಿಯ ಹಳೆ ಕಡತ ನೋಡಿದವರಿದ್ದರೆ ಯಾವ ಕಚೇರಿಯಲ್ಲಿ ಕೇಳಬೇಕು ಅಂತಲೂ ತಿಳಿಸಿ. ರಾತ್ರಿ ಬಸ್ಸಿಗೆ ಬಂದು ಮರುರಾತ್ರಿ ವಾಪಸ್ ಹೊರಡಬೇಕು, ನನಗೆ ಸಿಗುವುದು ಒಂದೇ ದಿನ.